ಓದುಗರ ಪ್ರಶ್ನೆ, ನಮ್ಮ ಉತ್ತರ: ಹಾಂಗ್‌ಕಾಂಗ್‌ನಿಂದ ದೋಹಾವರೆಗೆ ಬೆಂಗಳೂರಿನ ದಾರಿ

ಕಳೆದ ಸಂಚಿಕೆಯಲ್ಲಿ ಲೀಗ್ ಟೂರ್ನಿಗೂ ನಾಕೌಟ್ ಟೂರ್ನಿಗೂ ಇರುವ ವ್ಯತ್ಯಾಸವನ್ನು ವಿವರಿಸುವಾಗ, 2016ರಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡವು ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಸಂಗತಿಯನ್ನು ಒಂದೇ ವಾಕ್ಯದಲ್ಲಿ ಉಲ್ಲೇಖಿಸಿ ಮುಂದೆ ಹೋಗಿದ್ದೆ. ಆ ಒಂದು ವಾಕ್ಯದ ಬಗ್ಗೆ ಬಂದ ಪತ್ರಗಳೇ ಹೆಚ್ಚು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಬೆಂಗಳೂರು ಎಫ್‌ಸಿ ಎಂದು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಓದಿದ್ದೇನೆ. ಆದರೆ ಅಲ್ಲಿಗೆ ಹೇಗೆ ತಲುಪಿತು, ಯಾರನ್ನು ಸೋಲಿಸಿತು ಎಂಬ ವಿವರ ಅಲ್ಲಿಲ್ಲ. ದಯವಿಟ್ಟು ಕ್ರಮವಾಗಿ ತಿಳಿಸುವಿರಾ? (ದಾವಣಗೆರೆಯ ಪದವಿಪೂರ್ವ ವಿದ್ಯಾರ್ಥಿನಿ)

ಉತ್ತರ: ಕ್ರಮವಾಗಿ ಹೇಳಬೇಕೆಂದರೆ 2016ಕ್ಕಿಂತ ಸ್ವಲ್ಪ ಹಿಂದಿನಿಂದ ಆರಂಭಿಸಬೇಕು. 2013ರಲ್ಲಿ ಹುಟ್ಟಿದ ಈ ಕ್ಲಬ್ ತನ್ನ ಮೊದಲ ವರ್ಷದಲ್ಲೇ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. 2015ರ ಜನವರಿಯಲ್ಲಿ ಗೋವಾದಲ್ಲಿ ನಡೆದ ಫೆಡರೇಷನ್ ಕಪ್ ಫೈನಲ್‌ನಲ್ಲಿ ಡೆಂಪೊ ತಂಡವನ್ನು 2-1ರಿಂದ ಮಣಿಸಿತು. ಈ ಫೆಡರೇಷನ್ ಕಪ್ಪೇ ಬೆಂಗಳೂರಿಗೆ 2016ರ ಎಎಫ್‌ಸಿ ಕಪ್‌ನಲ್ಲಿ ಸ್ಥಾನ ದೊರಕಿಸಿಕೊಟ್ಟಿತು. ದೇಶದೊಳಗಿನ ಒಂದು ನಾಕೌಟ್ ಕಪ್ ಏಷ್ಯಾದ ಇನ್ನೊಂದು ಕಪ್‌ಗೆ ಬಾಗಿಲು ತೆರೆದಿತು ಎಂಬುದನ್ನು ನೀವು ಗಮನಿಸಬೇಕು, ಏಕೆಂದರೆ 2015ರ ಮೇ ತಿಂಗಳ ಕೊನೆಯ ದಿನ ಮಳೆಯಲ್ಲಿ ನೆನೆದ ಕಂಠೀರವ ಕ್ರೀಡಾಂಗಣದಲ್ಲಿ, ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿರುವಾಗ ಮೋಹನ್ ಬಾಗನ್‌ನ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಗೋಲು ಲೀಗ್ ಪ್ರಶಸ್ತಿಯನ್ನು ಬೆಂಗಳೂರಿನ ಕೈಯಿಂದ ಕಿತ್ತುಕೊಂಡಿತ್ತು. ಲೀಗ್ ಒಂದನ್ನೇ ನಂಬಿಕೊಂಡಿದ್ದರೆ ಮುಂದಿನ ಕಥೆಗೆ ಅವಕಾಶವಿರುತ್ತಿತ್ತೇ ಎಂಬ ಅನುಮಾನ ನನಗಿದೆ.

2016ರ ಟೂರ್ನಿಯ ಗುಂಪು ಹಂತದಲ್ಲಿ ಬೆಂಗಳೂರಿನ ಜೊತೆಗಿದ್ದವು ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್, ಮ್ಯಾನ್ಮಾರ್‌ನ ಅಯೆಯವಾಡಿ ಯುನೈಟೆಡ್ ಮತ್ತು ಲಾವೋಸ್‌ನ ಲಾವೊ ಟೊಯೊಟಾ ತಂಡಗಳು. ಪ್ರತಿ ತಂಡವೂ ಉಳಿದ ಮೂರು ತಂಡಗಳೊಂದಿಗೆ ತವರಿನಲ್ಲಿ ಒಮ್ಮೆ, ಹೊರಗೆ ಒಮ್ಮೆ ಆಡಬೇಕು. ಮೊದಲೆರಡು ಸ್ಥಾನ ಪಡೆದವರು ಮುಂದಿನ ಘಟ್ಟಕ್ಕೆ ಹೋಗುತ್ತಾರೆ. ಜೊಹೊರ್ ಮೊದಲನೆಯದಾಯಿತು, ಬೆಂಗಳೂರು ಎರಡನೆಯದಾಯಿತು. ಜೊಹೊರ್ ಎದುರಿನ ಎರಡೂ ಪಂದ್ಯಗಳಲ್ಲಿ ಬೆಂಗಳೂರು ಸೋತಿತ್ತು.

ಅಲ್ಲಿಂದ ಮುಂದಿನದು ನಾಕೌಟ್. ಹದಿನಾರರ ಘಟ್ಟದಲ್ಲಿ ಎರಡು ಲೆಗ್‌ಗಳಿರಲಿಲ್ಲ, ಅಂದರೆ ತವರಿನಲ್ಲೊಂದು, ಹೊರಗೊಂದು ಎಂಬ ಜೋಡಿ ಪಂದ್ಯವಿರಲಿಲ್ಲ. ಒಂದೇ ಪಂದ್ಯ, ಅದೂ ಗುಂಪಿನಲ್ಲಿ ಮೊದಲ ಸ್ಥಾನ ಪಡೆದವರ ಅಂಗಳದಲ್ಲಿ. ಎರಡನೆಯ ಸ್ಥಾನದ ಬೆಂಗಳೂರು ಮೇ ತಿಂಗಳ ಕೊನೆಯ ವಾರ ಹಾಂಗ್‌ಕಾಂಗ್‌ಗೆ ಹೋಗಿ, ಮಾಂಗ್‌ಕಾಕ್ ಕ್ರೀಡಾಂಗಣದಲ್ಲಿ ಕಿಟ್ಚಿ ತಂಡವನ್ನು 3-2ರಿಂದ ಸೋಲಿಸಿತು. ಸೆಪ್ಟೆಂಬರ್‌ನಲ್ಲಿ ಕ್ವಾರ್ಟರ್‌ಫೈನಲ್: ಸಿಂಗಪುರದ ಟ್ಯಾಂಪಿನ್ಸ್ ರೋವರ್ಸ್ ಎದುರು ತವರಿನಲ್ಲಿ 1-0 ಗೆಲುವು, ಸಿಂಗಪುರದಲ್ಲಿ ಗೋಲಿಲ್ಲದ ಡ್ರಾ. ಇದೇ ಟ್ಯಾಂಪಿನ್ಸ್ ಅದಕ್ಕೆ ಮುಂಚಿನ ಘಟ್ಟದಲ್ಲಿ ಮೋಹನ್ ಬಾಗನ್ ತಂಡವನ್ನು ಗುವಾಹಟಿಯಲ್ಲಿ ಹೆಚ್ಚುವರಿ ಅವಧಿಯಲ್ಲಿ ಮಣಿಸಿ ಬಂದಿತ್ತು. ಸೆಮಿಫೈನಲ್‌ನಲ್ಲಿ ಎದುರಾದದ್ದು ಮತ್ತೆ ಜೊಹೊರ್. ಅಲ್ಲಿ 1-1, ಇಲ್ಲಿ 3-1; ಒಟ್ಟು 4-2. ನವೆಂಬರ್ 5ರಂದು ದೋಹಾದ ಸುಹೈಮ್ ಬಿನ್ ಹಮದ್ ಕ್ರೀಡಾಂಗಣದಲ್ಲಿ ಇರಾಕ್‌ನ ವಾಯುಪಡೆ ಕ್ಲಬ್ ಅಲ್-ಕುವಾ ಅಲ್-ಜವಿಯಾ ಎದುರು ನಡೆದ ಫೈನಲ್‌ನಲ್ಲಿ 0-1 ಸೋಲು.

ಪರೀಕ್ಷೆಗೆ ಇಷ್ಟು ಸಾಕು. ಆದರೆ ನೀವು ಕೇಳಿದ್ದು ‘ಹೇಗೆ ತಲುಪಿತು’ ಎಂದು. ಅದಕ್ಕೆ ಉತ್ತರ ಮುಂದಿನ ಪ್ರಶ್ನೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಸಿಗುತ್ತದೆ.

ಪ್ರಶ್ನೆ: ಗುಂಪು ಹಂತದಲ್ಲಿ ಎರಡು ಬಾರಿ ಸೋಲಿಸಿದ ತಂಡವನ್ನು ಜೊಹೊರ್ ಸೆಮಿಫೈನಲ್‌ನಲ್ಲಿ ಮತ್ತೊಮ್ಮೆ ಎದುರಿಸಬೇಕಾಗಿ ಬಂದು, ಅದರಿಂದಲೇ ಹೊರಬಿದ್ದದ್ದು ನ್ಯಾಯವೇ? ಮೂರೂ ಬಾರಿ ಗೆಲ್ಲಬೇಕೆಂದರೆ ಮೊದಲಿನ ಗೆಲುವುಗಳಿಗೆ ಬೆಲೆಯೇನು? (ಉಡುಪಿಯ ನಿವೃತ್ತ ಶಿಕ್ಷಕರು)

ಉತ್ತರ: ಮಾಸ್ತರರೇ, ನಿಮ್ಮ ಪ್ರಶ್ನೆಯಲ್ಲಿ ಜೊಹೊರ್ ಬಗೆಗಿನ ಮರುಕ ಕಾಣುತ್ತದೆ, ಅದು ತಪ್ಪಲ್ಲ. 2015ರಲ್ಲಿ ಈ ಕಪ್ ಗೆದ್ದು, ಆಗ್ನೇಯ ಏಷ್ಯಾದ ಕ್ಲಬ್ ಒಂದು ಇದನ್ನು ಗೆದ್ದದ್ದು ಅದೇ ಮೊದಲು ಎಂಬ ಹೆಮ್ಮೆಯೊಂದಿಗೆ 2016ಕ್ಕೆ ಕಾಲಿಟ್ಟ ತಂಡವದು. ಜೊಹೊರ್ ರಾಜಮನೆತನದ ಬೆಂಬಲ, ತನ್ನ ದೇಶದ ಲೀಗ್‌ನಲ್ಲಿ ಎದುರಾಳಿಗಳೇ ಇಲ್ಲವೆಂಬಂಥ ಬಲ, ಎಲ್ಲವೂ ಅದಕ್ಕಿತ್ತು.

ಆದರೂ ನ್ಯಾಯದ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ. ಗುಂಪು ಹಂತದ ಗೆಲುವಿಗೆ ಅಲ್ಲಿಯೇ ಬೆಲೆ ಸಂದಿತ್ತು. ಮೊದಲ ಸ್ಥಾನ ಪಡೆದ ಜೊಹೊರ್‌ಗೆ ಹದಿನಾರರ ಘಟ್ಟದ ಏಕೈಕ ಪಂದ್ಯವನ್ನು ತನ್ನ ಜನರ ಮುಂದೆ ಆಡುವ ಅನುಕೂಲ ದೊರಕಿತು. ಎರಡನೆಯ ಸ್ಥಾನದ ಬೆಂಗಳೂರು ಹಾಂಗ್‌ಕಾಂಗ್‌ಗೆ ವಿಮಾನ ಹತ್ತಬೇಕಾಯಿತು. ಅಲ್ಲಿ ಸೋತಿದ್ದರೆ ಎಲ್ಲವೂ ಮುಗಿಯುತ್ತಿತ್ತು, ಎರಡನೆಯ ಅವಕಾಶವೇ ಇರಲಿಲ್ಲ. ಎಲ್ಲರೂ ಸೆಮಿಫೈನಲ್ ರಾತ್ರಿಯನ್ನು ನೆನೆಯುತ್ತಾರೆ. ಆದರೆ ಈ ಇಡೀ ಪಯಣದಲ್ಲಿ ಅತಿ ಕಿರಿದಾದ ಸೇತುವೆ ಕಿಟ್ಚಿ ಎದುರಿನ ಆ 3-2 ಎಂದೇ ನಾನು ಇಂದಿಗೂ ಭಾವಿಸುತ್ತೇನೆ. ಹೊರನಾಡಿನಲ್ಲಿ ಎರಡು ಗೋಲು ಬಿಟ್ಟುಕೊಟ್ಟೂ ಗೆಲ್ಲುವುದು ಭಾರತೀಯ ಕ್ಲಬ್‌ಗಳಿಗೆ ಆಗಾಗ ಒದಗಿಬಂದ ಭಾಗ್ಯವಲ್ಲ.

ಇನ್ನೊಂದು ಮಾತು. ಬೆಂಗಳೂರು ಮತ್ತು ಜೊಹೊರ್ ನಡುವಿನ ಲೆಕ್ಕ 2016ರಲ್ಲಿ ಶುರುವಾದದ್ದಲ್ಲ. 2015ರ ಫೆಬ್ರವರಿಯಲ್ಲಿ ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಪಂದ್ಯಕ್ಕೆಂದು ಜೊಹೊರ್ ಬಾರುವಿನ ಲಾರ್ಕಿನ್ ಕ್ರೀಡಾಂಗಣಕ್ಕೆ ಹೋದ ಬೆಂಗಳೂರು, ಹೆಚ್ಚುವರಿ ಅವಧಿಯವರೆಗೆ ಹೋರಾಡಿ 1-2ರಿಂದ ಸೋತಿತ್ತು. ಆ ಸೋಲಿನಿಂದ 2016ರ ಅಕ್ಟೋಬರ್‌ವರೆಗೆ ಇಪ್ಪತ್ತು ತಿಂಗಳಲ್ಲಿ ಎರಡೂ ತಂಡಗಳು ಐದು ಬಾರಿ ಮುಖಾಮುಖಿಯಾದವು: ಮೂರು ಸೋಲು, ಒಂದು ಡ್ರಾ, ಕೊನೆಗೆ ಒಂದು ಗೆಲುವು. ಒಬ್ಬನೇ ಎದುರಾಳಿಯಿಂದ ಇಷ್ಟು ಬಾರಿ ಪಾಠ ಕಲಿಯುವ ಅವಕಾಶ ಕಪ್ ಫುಟ್‌ಬಾಲ್‌ನಲ್ಲಿ ಅಪರೂಪ. ಬೆಂಗಳೂರು ಫೈನಲ್ ತಲುಪಿದ್ದು ಅದೃಷ್ಟದ ಬಲದಿಂದಲ್ಲ, ತನ್ನನ್ನು ಪದೇ ಪದೇ ಸೋಲಿಸಿದ ತಂಡದ ನಡೆಯನ್ನು ಕಲಿತುಕೊಂಡದ್ದರಿಂದ. ಐದನೆಯ ಪಂದ್ಯದ ಗೆಲುವನ್ನು ಮೊದಲ ನಾಲ್ಕರಿಂದ ಬೇರ್ಪಡಿಸಿ ನೋಡಲು ನನ್ನಿಂದಾಗದು.

ಪ್ರಶ್ನೆ: 2016ರ ಅಕ್ಟೋಬರ್ 19ರ ರಾತ್ರಿ ನಾನು ಕಂಠೀರವದಲ್ಲಿದ್ದೆ. ನಾವು 2-1ರಿಂದ ಮುಂದಿದ್ದಾಗಲೂ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು “ಇನ್ನೊಂದು ಗೋಲು ಬಿದ್ದರೆ ನಾವು ಹೊರಗೆ” ಎಂದು ಚಡಪಡಿಸುತ್ತಿದ್ದರು. ಒಟ್ಟು 3-2ರ ಮುನ್ನಡೆ ಇದ್ದಾಗ ಒಂದು ಗೋಲು ಬಿದ್ದರೆ ಸಮವಾಗಬೇಕಲ್ಲವೇ, ಹೊರಗೆ ಹೋಗುವುದು ಹೇಗೆ? (ಬೆಂಗಳೂರಿನ ಬಸವನಗುಡಿಯ ಓದುಗರು)

ಉತ್ತರ: ಆ ಹಿರಿಯರು ಹೇಳಿದ್ದು ಅಕ್ಷರಶಃ ಸರಿ, ಅವರ ಚಡಪಡಿಕೆಯಲ್ಲಿ ಇಡೀ ಪಂದ್ಯದ ಲೆಕ್ಕವೇ ಅಡಗಿತ್ತು. ಅಂದು ನಾನೂ ಅಲ್ಲಿದ್ದೆ, ನನ್ನ ಕೈಯೂ ತಣ್ಣಗಾಗಿತ್ತು.

ಎರಡು ಲೆಗ್‌ಗಳ ಪಂದ್ಯದಲ್ಲಿ ಮೊದಲು ಎರಡೂ ಲೆಗ್‌ಗಳ ಗೋಲುಗಳನ್ನು ಕೂಡಿಸುತ್ತಾರೆ. ಮೊತ್ತ ಸಮನಾದರೆ, ಆಗಿನ ನಿಯಮದಂತೆ, ಎದುರಾಳಿಯ ಅಂಗಳದಲ್ಲಿ ಯಾರು ಹೆಚ್ಚು ಗೋಲು ಹೊಡೆದಿದ್ದಾರೋ ಅವರು ಮುಂದೆ ಹೋಗುತ್ತಾರೆ. ಹೊರ ಅಂಗಳದ ಗೋಲಿಗೆ ಹೀಗೆ ಹೆಚ್ಚಿನ ತೂಕ ಕೊಡುವ ಉದ್ದೇಶವಿಷ್ಟೇ: ಅತಿಥಿ ತಂಡವು ಹನ್ನೊಂದು ಜನರನ್ನೂ ಗೋಲಿನ ಮುಂದೆ ಗೋಡೆಯಂತೆ ನಿಲ್ಲಿಸಿ ಕಾಲ ಕಳೆಯದೆ, ಮುಂದೆ ಬಂದು ಆಡಲಿ ಎಂಬುದು.

ಈಗ ಸೆಮಿಫೈನಲ್‌ಗೆ ಬರೋಣ. ಸೆಪ್ಟೆಂಬರ್ 28ರಂದು ಲಾರ್ಕಿನ್‌ನಲ್ಲಿ ಜೊಹೊರ್‌ನ ನಾಯಕ ಸಫಿಕ್ ರಹೀಮ್ ವಿರಾಮದ ಬಳಿಕ ಗೋಲು ಹೊಡೆದರು. ಐದು ನಿಮಿಷ ಕಳೆಯುವುದರೊಳಗೆ ಯುಜೆನ್‌ಸನ್ ಲಿಂಗ್ಡೊ ಅದನ್ನು ಸಮ ಮಾಡಿದರು. ಮೇಘಾಲಯದ ಈ ಆಟಗಾರನ ಆ ಒಂದು ಗೋಲಿನ ಬೆಲೆಯನ್ನು ಅಂದು ಎಷ್ಟು ಜನ ಅರಿತಿದ್ದರೋ ತಿಳಿಯದು. ಆ 1-1ರಿಂದಾಗಿ ಎರಡನೆಯ ಲೆಗ್‌ಗೆ ಬೆಂಗಳೂರು ಸಣ್ಣದೊಂದು ಮೇಲುಗೈಯೊಂದಿಗೆ ಇಳಿಯಿತು: ಕಂಠೀರವದಲ್ಲಿ ಗೋಲಿಲ್ಲದ ಡ್ರಾ ಆದರೂ ಫೈನಲ್ ಖಚಿತವಿತ್ತು.

ಆ ಮೇಲುಗೈ ಉಳಿದದ್ದು ಹನ್ನೊಂದು ನಿಮಿಷ. ಸಫಿಕ್ ರಹೀಮ್ ಇಲ್ಲಿಯೂ ಗೋಲು ಹೊಡೆದರು, ಒಟ್ಟು 2-1ರಿಂದ ಜೊಹೊರ್ ಮುಂದಾಯಿತು. ಕಂಠೀರವದಲ್ಲಿ ಓಟದ ಟ್ರ್ಯಾಕ್ ಇರುವುದರಿಂದ ಪ್ರೇಕ್ಷಕರು ಮೈದಾನದಿಂದ ದೂರ ಕೂರುತ್ತಾರೆ, ಕೂಗು ಆಟಗಾರರನ್ನು ತಲುಪುವುದು ಸುಲಭವಲ್ಲ. ಆದರೂ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗ ಕುಳಿತ ಕಡೆಯಿಂದ ಹಾಡು ನಿಲ್ಲಲೇ ಇಲ್ಲ. 41ನೆಯ ನಿಮಿಷದಲ್ಲಿ ಲಿಂಗ್ಡೊ ಹೊಡೆದ ಕಾರ್ನರ್ ಕಿಕ್‌ಗೆ ಸುನಿಲ್ ಛೆಟ್ರಿ ತಲೆಯೊಡ್ಡಿದರು. 1-1. ಒಟ್ಟು 2-2, ಹೊರ ಅಂಗಳದ ಗೋಲುಗಳೂ ಇಬ್ಬರಿಗೂ ಒಂದೊಂದು. ಇದೇ ಸ್ಥಿತಿಯಲ್ಲಿ ಮುಗಿದಿದ್ದರೆ ಹೆಚ್ಚುವರಿ ಅವಧಿ.

67ನೆಯ ನಿಮಿಷದಲ್ಲಿ ಛೆಟ್ರಿ ಪೆನಾಲ್ಟಿ ಆವರಣದ ಹೊರಗಿನಿಂದಲೇ ಗುರಿಯಿಟ್ಟು ಹೊಡೆದ ಚೆಂಡು ಗೋಲ್‌ಕೀಪರ್‌ನ ಕೈಗೆ ನಿಲುಕದೆ ಬಲೆ ಸೇರಿತು. ಬೆಂಗಳೂರಿನಲ್ಲಿ ನಾನು ಕಂಡ ಗೋಲುಗಳಲ್ಲಿ ಇದಕ್ಕಿಂತ ಸುಂದರವಾದುದು ಇರಬಹುದು, ಇದಕ್ಕಿಂತ ಅಗತ್ಯವಾದುದು ಇಲ್ಲ. ಈಗ ನಿಮ್ಮ ಪಕ್ಕದ ಹಿರಿಯರ ಮಾತು. ಒಟ್ಟು 3-2. ಜೊಹೊರ್ ಇನ್ನೊಂದು ಗೋಲು ಹೊಡೆದರೆ ಪಂದ್ಯ 2-2, ಒಟ್ಟು 3-3. ಆಗ ಜೊಹೊರ್ ಬೆಂಗಳೂರಿನಲ್ಲಿ ಹೊಡೆದದ್ದು ಎರಡು, ಬೆಂಗಳೂರು ಜೊಹೊರ್‌ನಲ್ಲಿ ಹೊಡೆದದ್ದು ಒಂದು. ಹೆಚ್ಚುವರಿ ಅವಧಿಯ ಮಾತೇ ಇಲ್ಲ, ಜೊಹೊರ್ ನೇರವಾಗಿ ಫೈನಲ್‌ಗೆ. ಅಂದರೆ ಮುನ್ನಡೆಯಲ್ಲಿದ್ದೂ ಬೆಂಗಳೂರು ಒಂದೇ ಒಂದು ತಪ್ಪಿನ ದೂರದಲ್ಲಿ ನಿಂತಿತ್ತು.

ಈ ಭಯವನ್ನು ತೊಡೆದುಹಾಕಿದ್ದು 75ನೆಯ ನಿಮಿಷದ ಫ್ರೀ ಕಿಕ್. ಸ್ಪೇನ್‌ನ ಎತ್ತರದ ರಕ್ಷಣಾ ಆಟಗಾರ ಹುವಾನಾನ್ ಮೇಲೆದ್ದು ಚೆಂಡನ್ನು ತಲೆಯಿಂದ ಬಲೆಗೆ ಕಳುಹಿಸಿದರು. 3-1, ಒಟ್ಟು 4-2. ಇನ್ನು ಜೊಹೊರ್‌ಗೆ ಒಂದು ಗೋಲು ಸಾಲದು, ಎರಡು ಬೇಕು. ಜನ ಎದ್ದು ಕುಣಿದದ್ದು ಛೆಟ್ರಿಯ ಎರಡನೆಯ ಗೋಲಿಗೆ. ಉಸಿರು ಬಿಟ್ಟದ್ದು ಹುವಾನಾನ್ ಗೋಲಿಗೆ.

ಇದೇ ಲೆಕ್ಕವನ್ನು ಕ್ವಾರ್ಟರ್‌ಫೈನಲ್‌ಗೂ ಹಚ್ಚಿ ನೋಡಬಹುದು. ಟ್ಯಾಂಪಿನ್ಸ್ ಎದುರು ತವರಿನಲ್ಲಿ ಬಂದದ್ದು 1-0 ಎಂಬ ಬಡ ಅಂತರದ ಗೆಲುವು ಎಂದು ಅಂದು ಕೆಲವರು ಮೂಗುಮುರಿದಿದ್ದರು. ಆದರೆ ಅಲ್ಲಿ ಮುಖ್ಯವಾದದ್ದು ಹೊಡೆದ ಒಂದಲ್ಲ, ಬಿಟ್ಟುಕೊಡದ ಸೊನ್ನೆ. ಅದರಿಂದಾಗಿ ಸಿಂಗಪುರದಲ್ಲಿ ಬೆಂಗಳೂರು ಒಂದು ಗೋಲು ಹೊಡೆದಿದ್ದರೂ ಟ್ಯಾಂಪಿನ್ಸ್ ಮೂರು ಹೊಡೆಯಬೇಕಾಗುತ್ತಿತ್ತು. ಯುರೋಪಿನ ಫುಟ್‌ಬಾಲ್ ಒಕ್ಕೂಟವು ತನ್ನ ಟೂರ್ನಿಗಳಲ್ಲಿ ಹೊರ ಅಂಗಳದ ಗೋಲಿನ ನಿಯಮವನ್ನು 2021ರಲ್ಲಿ ಕೈಬಿಟ್ಟಿತು. ಪಂದ್ಯಗಳು ಸರಳವಾದವು ಎನ್ನುವವರಿದ್ದಾರೆ. ಅಂಥ ರಾತ್ರಿಯೊಂದನ್ನು ಕಂಡ ನನಗೆ ಮಾತ್ರ ಆ ಹಳೆಯ ಲೆಕ್ಕದ ಮೇಲೆ ಪ್ರೀತಿ ಉಳಿದಿದೆ.

ಪ್ರಶ್ನೆ: ಈ ಸಾಧನೆಯ ಶ್ರೇಯಸ್ಸು ಆಶ್ಲೆ ವೆಸ್ಟ್‌ವುಡ್‌ಗೆ ಸಲ್ಲಬೇಕೇ, ಆಲ್ಬರ್ಟ್ ರೋಕಾಗೆ ಸಲ್ಲಬೇಕೇ? ನಮ್ಮ ಕಚೇರಿಯಲ್ಲಿ ಇದರ ಬಗ್ಗೆ ವಾದ ಮುಗಿಯುವುದೇ ಇಲ್ಲ. (ಹುಬ್ಬಳ್ಳಿಯ ಬ್ಯಾಂಕ್ ಉದ್ಯೋಗಿ)

ಉತ್ತರ: ವಾದ ಮುಗಿಯದಿರಲು ಕಾರಣವಿದೆ. ಈ ಪಯಣದ ಮಧ್ಯದಲ್ಲಿಯೇ ಕೋಚ್ ಬದಲಾದರು. ಮೇ ಕೊನೆಯ ಹಾಂಗ್‌ಕಾಂಗ್ ಪಂದ್ಯಕ್ಕೂ ಸೆಪ್ಟೆಂಬರ್‌ನ ಕ್ವಾರ್ಟರ್‌ಫೈನಲ್‌ಗೂ ನಡುವೆ ಮೂರೂವರೆ ತಿಂಗಳ ಬಿಡುವಿತ್ತು. ಕ್ಲಬ್‌ನ ಹುಟ್ಟಿನಿಂದ ಜೊತೆಗಿದ್ದು ಎರಡು ಐ-ಲೀಗ್ ಮತ್ತು ಒಂದು ಫೆಡರೇಷನ್ ಕಪ್ ಗೆಲ್ಲಿಸಿಕೊಟ್ಟ ಇಂಗ್ಲೆಂಡ್‌ನ ವೆಸ್ಟ್‌ವುಡ್ ಆ ಬಿಡುವಿನಲ್ಲಿ ನಿರ್ಗಮಿಸಿದರು. ಹಿಂದೆ ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಸಹಾಯಕರಾಗಿದ್ದ ಸ್ಪೇನ್‌ನ ರೋಕಾ ಜುಲೈನಲ್ಲಿ ಬಂದರು.

ಇಬ್ಬರ ಆಟದ ರೀತಿ ಬೇರೆ. ವೆಸ್ಟ್‌ವುಡ್ ತಂಡ ದೈಹಿಕ ಸಾಮರ್ಥ್ಯ, ಶಿಸ್ತು, ಕಾರ್ನರ್ ಮತ್ತು ಫ್ರೀ ಕಿಕ್‌ಗಳ ಸದುಪಯೋಗ ಇವುಗಳ ಮೇಲೆ ನಿಂತಿತ್ತು. ರೋಕಾ ಚೆಂಡನ್ನು ತನ್ನ ಬಳಿಯೇ ಇರಿಸಿಕೊಂಡು, ಸಣ್ಣ ಪಾಸುಗಳಲ್ಲಿ ಹಿಂದಿನಿಂದ ಆಟ ಕಟ್ಟುವುದನ್ನು ಬಯಸಿದವರು. ಆದರೆ ಸೆಮಿಫೈನಲ್‌ನ ಎರಡನೆಯ ಲೆಗ್‌ನ ಮೂರು ಗೋಲುಗಳನ್ನು ನೋಡಿ: ಒಂದು ಕಾರ್ನರ್‌ನಿಂದ, ಒಂದು ಫ್ರೀ ಕಿಕ್‌ನಿಂದ, ಒಂದು ಛೆಟ್ರಿಯ ಸ್ವಂತ ಪ್ರತಿಭೆಯಿಂದ. ಹಳೆಯ ಕೋಚ್ ಮೂರು ವರ್ಷ ಅಭ್ಯಾಸ ಮಾಡಿಸಿದ ಕೈಚಳಕ ಹೊಸ ಕೋಚ್‌ನ ದೊಡ್ಡ ರಾತ್ರಿಯಲ್ಲಿ ಫಲಿಸಿತು ಎನ್ನುವುದು ನನ್ನ ಅಭಿಪ್ರಾಯ. ಹೀಗೆಂದು ರೋಕಾ ಅವರ ಪಾಲನ್ನು ಕಡಿಮೆ ಮಾಡುತ್ತಿಲ್ಲ. ಹನ್ನೊಂದನೆಯ ನಿಮಿಷದಲ್ಲೇ ಹಿನ್ನಡೆಗೆ ಬಿದ್ದ ತಂಡ ಗಾಬರಿಯಿಂದ ಚೆಂಡನ್ನು ಆಕಾಶಕ್ಕೆ ಎತ್ತದೆ, ಅರ್ಧ ಗಂಟೆ ತಾಳ್ಮೆಯಿಂದ ಆಡಿ ಸಮಬಲಕ್ಕೆ ಬಂದದ್ದು ಹೊಸ ಕಲಿಕೆಯ ಗುರುತು.

ನಿಮ್ಮ ಕಚೇರಿಯ ವಾದದಲ್ಲಿ ಮೂರನೆಯ ಪಕ್ಷವೊಂದನ್ನೂ ಸೇರಿಸಿಕೊಳ್ಳಿ. ಆ ವರ್ಷ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಅಕ್ಟೋಬರ್ 1ರಂದು ಆರಂಭವಾಗಿತ್ತು, ಬೆಂಗಳೂರು ಆಗ ಆ ಲೀಗ್‌ನಲ್ಲಿರಲಿಲ್ಲ. ಬೆಂಗಳೂರಿನ ಆಟಗಾರರು ಆ ಅವಧಿಗೆ ಬೇರೆ ಬೇರೆ ಐಎಸ್‌ಎಲ್ ತಂಡಗಳಿಗೆ ಹಂಚಿಹೋಗಬೇಕಾಗಿತ್ತು. ಛೆಟ್ರಿ ಮುಂಬೈ ಸಿಟಿಗೆ, ಲಿಂಗ್ಡೊ ಪುಣೆಗೆ, ಸಿ.ಕೆ. ವಿನೀತ್ ಮತ್ತು ರಿನೊ ಆಂಟೊ ಕೇರಳ ಬ್ಲಾಸ್ಟರ್ಸ್‌ಗೆ. ಏಷ್ಯಾದ ಪಂದ್ಯಗಳು ಮುಗಿಯುವವರೆಗೆ ಇವರೆಲ್ಲ ಬೆಂಗಳೂರಿನೊಂದಿಗೇ ಉಳಿದರು, ಐಎಸ್‌ಎಲ್ ತಂಡಗಳು ಅವರಿಗಾಗಿ ನವೆಂಬರ್‌ವರೆಗೆ ಕಾದವು. ದೇಶದ ಉಳಿದ ಫುಟ್‌ಬಾಲ್ ಲೋಕವೆಲ್ಲ ಒಂದು ಕಡೆ ನೋಡುತ್ತಿದ್ದಾಗ, ಪಂದ್ಯಾಭ್ಯಾಸಕ್ಕೆ ದೇಶೀಯ ಲೀಗ್ ಒಂದೂ ಇಲ್ಲದೆ, ಒಂದು ತಂಡ ಬರೀ ತರಬೇತಿಯಲ್ಲಿ ತನ್ನನ್ನು ಹದವಾಗಿಟ್ಟುಕೊಂಡು ಏಷ್ಯಾದ ಸೆಮಿಫೈನಲ್ ಆಡಿತು. ಆಟಗಾರರಿಗೆ ಸಲ್ಲಬೇಕಾದ ಶ್ರೇಯಸ್ಸು ಇಬ್ಬರು ಕೋಚ್‌ಗಳಿಗಿಂತ ಕಡಿಮೆಯದಲ್ಲ.

ಪ್ರಶ್ನೆ: ನಾನು ಕತಾರ್‌ನಲ್ಲಿ ಕೆಲಸ ಮಾಡುವ ಕನ್ನಡಿಗ. ಅಂದಿನ ಫೈನಲ್‌ಗೆ ಗೆಳೆಯರೊಂದಿಗೆ ಹೋಗಿದ್ದೆ. ಇರಾಕ್ ಮತ್ತು ಭಾರತದ ತಂಡಗಳ ನಡುವಿನ ಪಂದ್ಯ ದೋಹಾದಲ್ಲಿ ನಡೆದದ್ದೇಕೆ? ನಮ್ಮ ಮುಖ್ಯ ಗೋಲ್‌ಕೀಪರ್ ಆಡಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತೇ? (ದೋಹಾದಿಂದ ಮಂಡ್ಯ ಮೂಲದ ಓದುಗರು)

ಉತ್ತರ: ಎಎಫ್‌ಸಿ ಕಪ್‌ನಲ್ಲಿ ಸೆಮಿಫೈನಲ್‌ವರೆಗೆ ಪೂರ್ವ ಮತ್ತು ಪಶ್ಚಿಮ ವಲಯದ ತಂಡಗಳು ಬೇರೆ ಬೇರೆಯಾಗಿ ಆಡುತ್ತಿದ್ದವು. ಆದ್ದರಿಂದಲೇ ಬೆಂಗಳೂರಿನ ದಾರಿ ಪೂರ್ತಿಯಾಗಿ ಪೂರ್ವದ ಕಡೆಗೆ, ಹಾಂಗ್‌ಕಾಂಗ್, ಸಿಂಗಪುರ, ಮಲೇಷ್ಯಾಗಳ ಮೂಲಕ ಹಾದುಹೋಯಿತು. ಫೈನಲ್ ಒಂದೇ ಪಂದ್ಯ; ಆ ವರ್ಷ ಅದರ ಆತಿಥ್ಯ ಪಶ್ಚಿಮ ವಲಯದಿಂದ ಬಂದ ತಂಡಕ್ಕೆ ದೊರಕಿತ್ತು. ಆ ತಂಡ ಇರಾಕ್‌ನದು. ಭದ್ರತೆಯ ಕಾರಣದಿಂದ ಇರಾಕ್‌ನ ಕ್ಲಬ್‌ಗಳು ತಮ್ಮ ನೆಲದಲ್ಲಿ ಅಂತರರಾಷ್ಟ್ರೀಯ ಪಂದ್ಯ ಆಡಿಸುವಂತಿರಲಿಲ್ಲವಾದ್ದರಿಂದ ಅಲ್-ಕುವಾ ದೋಹಾವನ್ನೇ ತವರನ್ನಾಗಿ ಮಾಡಿಕೊಂಡಿತ್ತು. 1931ರಲ್ಲಿ ಸ್ಥಾಪನೆಯಾದ, ಇರಾಕ್‌ನ ಅತ್ಯಂತ ಹಳೆಯ ಕ್ಲಬ್ ಅದು. ತನ್ನ ಊರಿನ ಜನರೆದುರು ಒಂದು ಪಂದ್ಯವನ್ನೂ ಆಡಲಾಗದೆ ಏಷ್ಯಾದ ಕಪ್ ಗೆದ್ದ ಆ ತಂಡದ ಬಗ್ಗೆ, ನಮ್ಮನ್ನು ಸೋಲಿಸಿದ್ದರೂ, ನನಗೆ ಗೌರವವಿದೆ.

ಗೋಲ್‌ಕೀಪರ್ ವಿಷಯ ನೋವಿನದು. ಅಮ್ರಿಂದರ್ ಸಿಂಗ್ ಹಳದಿ ಕಾರ್ಡುಗಳ ಕಾರಣದಿಂದ ಫೈನಲ್‌ನಿಂದ ಹೊರಗುಳಿಯಬೇಕಾಯಿತು. ಮಿಜೋರಾಂನ ಲಾಲ್‌ತುಅಮ್ಮಾವಿಯಾ ರಾಲ್ಟೆ ಗೋಲಿನ ಮುಂದೆ ನಿಂತರು. ಅವರನ್ನು ದೂಷಿಸುವ ಮಾತನ್ನು ನಾನು ಒಪ್ಪುವುದಿಲ್ಲ. ಪಂದ್ಯದ ಬಹುಪಾಲು ಇರಾಕ್ ತಂಡವೇ ಆಕ್ರಮಣದಲ್ಲಿತ್ತು, ರಾಲ್ಟೆ ಹಲವು ಚೆಂಡುಗಳನ್ನು ತಡೆದು ತಂಡವನ್ನು 70ನೆಯ ನಿಮಿಷದವರೆಗೆ ಸಮಬಲದಲ್ಲಿಟ್ಟರು. ಗೋಲು ಹೊಡೆದ ಹಮ್ಮಾದಿ ಅಹ್ಮದ್ ಆ ಟೂರ್ನಿಯಲ್ಲಿ ಒಟ್ಟು 16 ಗೋಲು ಹೊಡೆದವರು. ಅಂಥ ಆಟಗಾರ ಗೋಲಿನೆದುರು ಕಾಯುತ್ತಿದ್ದಾಗ, ಅಲ್ಲಿ ಯಾವ ಗೋಲ್‌ಕೀಪರ್ ಇದ್ದರೂ ತೊಂಬತ್ತು ನಿಮಿಷ ತಡೆಯುತ್ತಿದ್ದರು ಎಂದು ಹೇಳುವ ಧೈರ್ಯ ನನಗಿಲ್ಲ. ಅಲ್-ಕುವಾ 2017 ಮತ್ತು 2018ರಲ್ಲೂ ಇದೇ ಕಪ್ ಗೆದ್ದು, ಸತತ ಮೂರು ಬಾರಿಯ ವಿಜೇತನಾಯಿತು ಎಂಬುದನ್ನು ನೆನೆದರೆ ಆ ಒಂದು ಗೋಲಿನ ಸೋಲಿನ ತೂಕ ಸರಿಯಾಗಿ ತಿಳಿಯುತ್ತದೆ.

ಪ್ರಶ್ನೆ: ಬೆಂಗಳೂರು ಎಫ್‌ಸಿಗೆ ಮುಂಚೆ ನಮ್ಮ ರಾಜ್ಯದ ತಂಡಗಳು ಇಂಥ ಟೂರ್ನಿಗಳಲ್ಲಿ ಏನೂ ಸಾಧಿಸಿರಲಿಲ್ಲವೇ? ಎಲ್ಲವೂ 2013ರ ನಂತರವೇ ಆರಂಭವಾದಂತೆ ಬರೆಯುತ್ತಾರಲ್ಲ? (ಮೈಸೂರಿನ ಹಿರಿಯ ಓದುಗರು)

ಉತ್ತರ: ಹಾಗೆ ಬರೆಯುವುದು ಹಿಂದಿನವರಿಗೆ ಮಾಡುವ ಅನ್ಯಾಯ. ಬೆಂಗಳೂರಿನ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳು, ಆಸ್ಟಿನ್ ಟೌನ್ ಮತ್ತು ಗೌತಮಪುರದ ಬೀದಿಗಳಿಂದ ಬಂದ ಹುಡುಗರು ಈ ನಗರದಲ್ಲಿ ಫುಟ್‌ಬಾಲ್ ಆಟವನ್ನು ದಶಕಗಳ ಕಾಲ ಹೊತ್ತು ನಡೆಸಿದರು. 1977ರಲ್ಲಿ ಫೆಡರೇಷನ್ ಕಪ್ ಮೊದಲ ಬಾರಿಗೆ ನಡೆದಾಗ ಅದರ ಫೈನಲ್‌ನಲ್ಲಿ ಮೋಹನ್ ಬಾಗನ್ ತಂಡವನ್ನು 1-0ರಿಂದ ಸೋಲಿಸಿ ಕಪ್ ತಂದದ್ದು ಬೆಂಗಳೂರಿನ ಐಟಿಐ. ಹಗಲು ಕಾರ್ಖಾನೆಯ ಉದ್ಯೋಗಿಗಳಾಗಿದ್ದವರ ತಂಡ ಕಲ್ಕತ್ತೆಯ ದೈತ್ಯನನ್ನು ಕೆಡವಿದ ಆ ಫೈನಲ್ ನಮ್ಮ ರಾಜ್ಯದ ಫುಟ್‌ಬಾಲ್ ಚರಿತ್ರೆಯಲ್ಲಿ ಇನ್ನೂ ಹೆಚ್ಚಿನ ಜಾಗಕ್ಕೆ ಅರ್ಹವಾದುದು.

ಏಷ್ಯಾ ಮಟ್ಟಕ್ಕೆ ಬಂದರೆ ಇನ್ನೂ ಹಿಂದಕ್ಕೆ ಹೋಗಬೇಕು. 1967-68 ಮತ್ತು 1968-69ರಲ್ಲಿ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯನ್ನು ಸತತವಾಗಿ ಗೆದ್ದ ಮೈಸೂರು ರಾಜ್ಯ ತಂಡವೇ, 1969ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಏಷ್ಯಾದ ಚಾಂಪಿಯನ್ ಕ್ಲಬ್‌ಗಳ ಟೂರ್ನಿಯಲ್ಲಿ ಭಾರತವನ್ನು ಪ್ರತಿನಿಧಿಸಿತು. ಭಾರತದಲ್ಲಿ ಆಗ ರಾಷ್ಟ್ರೀಯ ಲೀಗ್ ಇರಲಿಲ್ಲ. ಕ್ಲಬ್‌ಗಳ ಸಾಲಿನಲ್ಲಿ ಒಂದು ರಾಜ್ಯ ತಂಡ ನಿಂತದ್ದು ಅದರಿಂದಲೇ. ಅಂದ ಮೇಲೆ 2016ರಲ್ಲಿ ನೀಲಿ ಅಂಗಿಯವರು ದೋಹಾ ತಲುಪುವ ನಲವತ್ತೇಳು ವರ್ಷ ಮೊದಲೇ ನಮ್ಮವರು ಏಷ್ಯಾದ ಅಂಗಳದಲ್ಲಿ ನಿಂತಿದ್ದರು. ಸಂತೋಷ್ ಟ್ರೋಫಿ ಮತ್ತೆ ಕರ್ನಾಟಕಕ್ಕೆ ಬಂದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ.

ಪ್ರಶ್ನೆ: ಬೆಂಗಳೂರಿನ ನಂತರ ಬೇರೆ ಯಾವ ಭಾರತೀಯ ಕ್ಲಬ್ ಆದರೂ ಎಎಫ್‌ಸಿ ಕಪ್ ಫೈನಲ್ ತಲುಪಿತೇ? (ಶಿವಮೊಗ್ಗದ ಓದುಗರು)

ಉತ್ತರ: ಇಲ್ಲ. ಬೆಂಗಳೂರಿಗೆ ಮುಂಚೆ 2008ರಲ್ಲಿ ಡೆಂಪೊ, 2013ರಲ್ಲಿ ಈಸ್ಟ್ ಬೆಂಗಾಲ್ ಸೆಮಿಫೈನಲ್‌ನಲ್ಲಿ ನಿಂತಿದ್ದವು. ನಂತರ 2017ರಲ್ಲಿ ಬೆಂಗಳೂರೇ, ಕಪ್‌ನ ಫೈನಲ್‌ಗೆ ಒಂದೇ ಮೆಟ್ಟಿಲು ಮುಂಚಿನ ಅಂತರ-ವಲಯ ಫೈನಲ್‌ವರೆಗೆ ಹೋಗಿ ತಜಿಕಿಸ್ತಾನದ ಇಸ್ತಿಕ್ಲೋಲ್ ಎದುರು ಎಡವಿತು: ಅಲ್ಲಿ 0-1, ಕಂಠೀರವದಲ್ಲಿ 2-2. 2018ರಲ್ಲಿ ತುರ್ಕ್‌ಮೆನಿಸ್ತಾನದ ಅಲ್ತಿನ್ ಅಸಿರ್ ತಡೆಯಿತು. ಆಮೇಲೆ ಎಟಿಕೆ ಮೋಹನ್ ಬಾಗನ್ 2021 ಮತ್ತು 2022ರಲ್ಲಿ ಅಂತರ-ವಲಯ ಸೆಮಿಫೈನಲ್ ದಾಟಲಿಲ್ಲ. 2023-24ರ ಆವೃತ್ತಿಯೊಂದಿಗೆ ಎಎಫ್‌ಸಿ ಕಪ್ ಎಂಬ ಟೂರ್ನಿಯೇ ಕೊನೆಗೊಂಡು, ಅದರ ಸ್ಥಾನಕ್ಕೆ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಟೂ ಬಂದಿದೆ. ಹೀಗಾಗಿ ಆ ಕಪ್‌ನ ಫೈನಲ್ ಆಡಿದ ಭಾರತೀಯ ಕ್ಲಬ್‌ಗಳ ಪಟ್ಟಿಯಲ್ಲಿ ಬೆಂಗಳೂರು ಎಫ್‌ಸಿ ಹೆಸರೊಂದೇ ಉಳಿಯುತ್ತದೆ.